ಬೆಟ್ಟ ಹತ್ತೋದು ಅರ್ಧ ಲೆಕ್ಕ ಅಷ್ಟೇ: ಟ್ರೇಲ್ ರನ್ನಿಂಗ್ ಶುರು ಮಾಡೋರಿಗೆ

ಶುರು ಮಾಡೋ ಮೊದಲೇ ಒಂದು ಮಾತು. ಈ ಎಪಿಸೋಡನ್ನ ಬಸ್ಸಲ್ಲಿ ಕೇಳಿ, ಅಡುಗೆ ಮಾಡ್ತಾ ಕೇಳಿ, ಮೆಟ್ರೋದಲ್ಲಿ ನಿಂತ್ಕೊಂಡು ಕೇಳಿ. ಬೆಟ್ಟದ ದಾರಿಯಲ್ಲಿ ಓಡ್ತಾ ಮಾತ್ರ ಕೇಳ್ಬೇಡಿ. ಅಲ್ಲಿ ಕಿವಿ ಯಾಕೆ ಖಾಲಿ ಇರ್ಬೇಕು ಅಂತ ಮುಂದೆ ಹೇಳ್ತೀನಿ.

ಇತ್ತೀಚೆಗೆ ನನಗೆ ತುಂಬಾ ಬರ್ತಿರೋ ಪ್ರಶ್ನೆ ಇದು: "ಪಾರ್ಕಲ್ಲಿ 5 ಕಿಲೋಮೀಟರ್ ಆರಾಮಾಗಿ ಓಡ್ತೀನಿ. ಈಗ ಟ್ರೇಲ್ ರನ್ನಿಂಗ್ ಶುರು ಮಾಡ್ಬೇಕು. ಯಾವ ಶೂ ತಗೊಳ್ಳಲಿ?" ಒಳ್ಳೆ ಪ್ರಶ್ನೆ, ಉತ್ತರ ಕೊಡ್ತೀನಿ. ಆದ್ರೆ ಶೂಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: "ಹೋದ ಮೇಲೆ ವಾಪಸ್ ಹೇಗೆ ಬರ್ತೀನಿ?" ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು ಟ್ರೇಲ್ ಅಂದ್ರೇನು ಅಂತ ನೋಡೋಣ. ಹೆಸರು ಕೇಳಿದ್ರೆ ಹಿಮಾಲಯ, ಆಲ್ಪ್ಸ್ ನೆನಪಾಗುತ್ತೆ. ಆಲ್ಪ್ಸ್‌ನಲ್ಲಿ ಮಾಂಟ್ ಬ್ಲಾಂಕ್ ಪರ್ವತದ ಸುತ್ತ 2003ರಿಂದ ನಡೀತಿರೋ ಯುಟಿಎಂಬಿ ಓಟ ಇದೆ. ಸುಮಾರು 170 ಕಿಲೋಮೀಟರ್, ಒಟ್ಟು ಏರಿಕೆ ಸುಮಾರು 10,000 ಮೀಟರ್, ದಾರಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳಲ್ಲಿ ಹಾದು ಹೋಗುತ್ತೆ. ಅದರ ರೀಲ್ಸ್ ನೋಡಿದ್ರೆ ಇದು ನಮ್ಮಂಥವರಿಗಲ್ಲ ಅನ್ಸುತ್ತೆ. ಆದ್ರೆ ಟ್ರೇಲ್ ಅಂದ್ರೆ ಡಾಂಬರು, ಕಾಂಕ್ರೀಟ್ ಇಲ್ಲದ ದಾರಿ, ಅಷ್ಟೇ. ನಮ್ಮಲ್ಲಿ ಅದಕ್ಕೆ ಹಳೇ ಹೆಸರುಗಳೇ ಇವೆ: ಕಾಲುದಾರಿ, ಬಂಡಿದಾರಿ, ಕೆರೆ ಏರಿ. ನೀವು ಹಳ್ಳಿಯಲ್ಲಿ ಬೆಳೆದಿದ್ರೆ ಶಾಲೆಗೆ ಲೇಟಾದಾಗ ಗದ್ದೆ ಬದುವಿನ ಮೇಲೆ ಓಡಿರ್ತೀರಲ್ವಾ? ಅದೂ ಟ್ರೇಲ್ ರನ್ನಿಂಗೇ. ಯಾರೂ ಮೆಡಲ್ ಕೊಡ್ಲಿಲ್ಲ, ಅಷ್ಟೇ ವ್ಯತ್ಯಾಸ.

ರಸ್ತೆಯ ಲೆಕ್ಕ ಬೇರೆ, ಬೆಟ್ಟದ ಲೆಕ್ಕ ಬೇರೆ

"ದೂರದ ಬೆಟ್ಟ ನುಣ್ಣಗೆ" ಅಂತ ಗಾದೆ ಇದೆಯಲ್ಲ, ಫೋನಿನ ಮ್ಯಾಪ್‌ನಲ್ಲೂ ಬೆಟ್ಟ ನುಣ್ಣಗೇ ಕಾಣ್ಸೋದು. 10 ಕಿಲೋಮೀಟರ್ ಅಂತ ಒಂದು ಗೆರೆ ತೋರಿಸುತ್ತೆ. ರಸ್ತೆಯಲ್ಲಿ 10 ಕಿಲೋಮೀಟರನ್ನ ಒಂದು ಗಂಟೆಯಲ್ಲಿ ಓಡೋರು ಇಲ್ಲೂ ಒಂದು ಗಂಟೆ, ಹೆಚ್ಚಂದ್ರೆ ಒಂದೂಕಾಲು ಗಂಟೆ ಅಂದ್ಕೊಂಡು ಹೊರಡ್ತಾರೆ. ಕೈಯಲ್ಲಿ ಅರ್ಧ ಲೀಟರ್ ನೀರು, ಸಂಜೆ ನಾಲ್ಕೂವರೆಗೆ ಶುರು. ತೊಂದರೆ ಶುರುವಾಗೋದು ಇಲ್ಲೇ.

ನಾನು ಬಿ.ಕಾಂ ಓದಿದವಳು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಟ್ರೇಲ್ ರನ್ನಿಂಗ್ ಲೋಕದಲ್ಲಿ ಒಂದು ಸುಲಭ ಸೂತ್ರ ಬಳಸ್ತಾರೆ. ಪ್ರತಿ 100 ಮೀಟರ್ ಏರಿಕೆಯನ್ನ 1 ಕಿಲೋಮೀಟರ್ ಹೆಚ್ಚುವರಿ ದೂರ ಅಂತ ಎಣಿಸೋದು. 10 ಕಿಲೋಮೀಟರ್ ದಾರಿಯಲ್ಲಿ ಒಟ್ಟು 500 ಮೀಟರ್ ಏರಿಕೆ ಇದ್ರೆ ನಿಮ್ಮ ಕಾಲಿಗೆ ಅದು 10 ಅಲ್ಲ, 15. ಕಲ್ಲು, ಬೇರು, ಕೆಸರು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಇನ್ನೊಂದು ಸೂತ್ರ ತುಂಬಾ ಹಳೇದು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟಿದ್ದು. ಈಗಿನ ಅಳತೆಯಲ್ಲಿ ಹೇಳೋದಾದ್ರೆ, ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಮ್ಮ ಅದೇ ದಾರಿಗೆ ಹಾಕಿ ನೋಡಿ. 10 ಕಿಲೋಮೀಟರಿಗೆ 2 ಗಂಟೆ, 500 ಮೀಟರ್ ಏರಿಕೆಗೆ 50 ನಿಮಿಷ. ಒಟ್ಟು 2 ಗಂಟೆ 50 ನಿಮಿಷ.

"ಅದು ನಡೆಯೋರ ಲೆಕ್ಕ, ನಾನು ಓಡೋನು" ಅಂತೀರಾ? ನಾನು ಹೇಳ್ಬೇಕು ಅಂದ್ಕೊಂಡಿರೋದೇ ಇದು. ಪ್ಲಾನ್ ಮಾಡುವಾಗ ಯಾವಾಗ್ಲೂ ನಡೆಯೋರ ಲೆಕ್ಕವನ್ನೇ ಹಾಕಿ. ಯಾಕಂದ್ರೆ ದಾರಿಯ ಅತಿ ದೂರದ ಜಾಗದಲ್ಲಿ ಕಾಲು ಉಳುಕಿದ್ರೆ ಓಟ ಮುಗೀತು, ಅಲ್ಲಿಂದ ನೀವು ನಡೆದೇ ಬರ್ಬೇಕು. ಕುಂಟ್ತಾ ನಡೀಬೇಕು, ಅಂದ್ರೆ ಇನ್ನೂ ನಿಧಾನ. ಆ ನಿಧಾನ ನಡಿಗೆಗೆ ಸಾಕಾಗುವಷ್ಟು ನೀರು, ಬೆಳಕು, ತಿಂಡಿ ನಿಮ್ಮ ಹತ್ರ ಇದ್ರೆ ಆ ದಾರಿ ನಿಮ್ಮ ಕೈಲಾಗುವಂಥದ್ದು. ಇಲ್ಲದಿದ್ರೆ ನೀವು ಎಷ್ಟೇ ವೇಗದ ಓಟಗಾರರಾದ್ರೂ ಆ ದಾರಿ ಇವತ್ತಿಗೆ ನಿಮ್ಮದಲ್ಲ. ನಡೆದು ಮುಗಿಸೋಕೆ ಪ್ಲಾನ್ ಮಾಡಿ, ಓಡಿದ್ದೆಲ್ಲ ಲಾಭ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಇಲ್ಲಿ ಅಕ್ಷರಶಃ ನಿಜ.

ಹತ್ತುವಾಗ ನಡೀರಿ, ಇಳಿಯುವಾಗ ಉಳಿಸಿ

ಹೊಸಬರಿಗೆ ಒಂದು ನಾಚಿಕೆ ಇರುತ್ತೆ, ಏರಿನಲ್ಲಿ ನಡೆದ್ರೆ ಓಟಗಾರರೇ ಅಲ್ಲ ಅಂತ. ಕಡಿದಾದ ಏರಿನಲ್ಲಿ ಯುಟಿಎಂಬಿ ಗೆಲ್ಲೋರೂ ನಡೀತಾರೆ. ಎರಡೂ ಅಂಗೈ ತೊಡೆ ಮೇಲೆ ಇಟ್ಟು ಒತ್ತುತ್ತಾ, ಅಥವಾ ಕೋಲು ಊರಿಕೊಂಡು ಹತ್ತುತ್ತಾರೆ. ಒಂದು ಮಟ್ಟಕ್ಕಿಂತ ಕಡಿದಾದ ಕಡೆ ಓಡೋಕೂ ಜೋರಾಗಿ ನಡೆಯೋಕೂ ವೇಗದಲ್ಲಿ ದೊಡ್ಡ ವ್ಯತ್ಯಾಸ ಇರಲ್ಲ, ಉಸಿರು ಮಾತ್ರ ಓಟದಲ್ಲಿ ಬೇಗ ಖರ್ಚಾಗುತ್ತೆ. ಸುಲಭದ ಪರೀಕ್ಷೆ ಅಂದ್ರೆ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದೆಯಾ ನೋಡಿ. ಆಗ್ತಿಲ್ಲ ಅಂದ್ರೆ ನಡೀರಿ.

ನಿಜವಾದ ಪರೀಕ್ಷೆ ಇರೋದು ಇಳಿಜಾರಿನಲ್ಲಿ. ಇಳಿಯುವಾಗ ಉಸಿರು ಆರಾಮಾಗಿರುತ್ತೆ, ಹಾಗಾಗಿ ಸುಲಭ ಅನ್ಸುತ್ತೆ. ಆದ್ರೆ ಪ್ರತಿ ಹೆಜ್ಜೆಯಲ್ಲೂ ತೊಡೆ ಮುಂಭಾಗದ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕ್ತಿರುತ್ತೆ. ಸ್ನಾಯುವಿಗೆ ಜಾಸ್ತಿ ಪೆಟ್ಟು ಬೀಳೋದು ಈ ಕೆಲಸದಲ್ಲೇ. ಬೆಟ್ಟ ಹತ್ತಿ ಬಂದ ಎರಡನೇ ದಿನ ಮನೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೊಳ್ಳೋದು ಇದಕ್ಕೇ. ಕಾಲು ಜಾರೋದು, ಹಿಮ್ಮಡಿ ಗಂಟು ಉಳುಕೋದು ಕೂಡ ಸುಸ್ತಾದ ಕಾಲಲ್ಲಿ ಇಳಿಯುವಾಗ ಸುಲಭ.

ಇಳಿಯುವಾಗ ಮೂರು ವಿಷಯ ನೆನಪಿರಲಿ. ಒಂದು, ಹೆಜ್ಜೆ ಚಿಕ್ಕದು, ಬೇಗ ಬೇಗ. ಎರಡು, ಮಂಡಿ ಸ್ವಲ್ಪ ಬಗ್ಗಿರಲಿ, ದೇಹ ಹಿಂದಕ್ಕೆ ವಾಲದಿರಲಿ. ಹಿಂದಕ್ಕೆ ವಾಲಿದ್ರೆ ಹಿಮ್ಮಡಿ ಮೊದಲು ನೆಲಕ್ಕೆ ಬಿದ್ದು ಜಾರುತ್ತೆ. ಮೂರು, ಕಣ್ಣು ಪಾದದ ಮೇಲಲ್ಲ, ಮೂರ್ನಾಲ್ಕು ಹೆಜ್ಜೆ ಮುಂದೆ ಇರಲಿ. ಸುತ್ತ ನೋಡ್ಬೇಕು ಅನ್ಸಿದ್ರೆ ನಿಂತು ನೋಡಿ. ಬೆಟ್ಟ ಓಡಿ ಹೋಗಲ್ಲ.

ಮನೆಯಲ್ಲೇ ಮಾಡೋ ಒಂದು ಅಭ್ಯಾಸ ಹೇಳ್ತೀನಿ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದೇ ಕಾಲಲ್ಲಿ 30 ಸೆಕೆಂಡ್ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ಇದಕ್ಕೆ ಖರ್ಚು ಸೊನ್ನೆ, ಕಾಲಿನ ಗಂಟು ಮಾತ್ರ ಗಟ್ಟಿಯಾಗುತ್ತೆ.

ಈಗ ಶೂ ಬಗ್ಗೆ

ಕೆರೆ ಏರಿ, ಒಣಗಿದ ಮಣ್ಣಿನ ದಾರಿಗೆ ನಿಮ್ಮ ಹತ್ರ ಇರೋ ಓಟದ ಶೂ ಸಾಕು. ಮೊದಲ ಎರಡು ತಿಂಗಳು ಏನೂ ಕೊಳ್ಳಬೇಡಿ. ಟ್ರೇಲ್ ಶೂಗಳ ಸೋಲಿನಲ್ಲಿ ಟ್ರ್ಯಾಕ್ಟರ್ ಟೈರಿನ ಥರ ಹಲ್ಲುಗಳಿರ್ತವೆ. ಕೆಸರು, ಸಡಿಲ ಗರಸು ಇರೋ ಇಳಿಜಾರಿನಲ್ಲಿ ಅವು ಕಚ್ಚಿ ಹಿಡೀತವೆ. ಆದ್ರೆ ಒದ್ದೆ ಬಂಡೆ ಮೇಲೆ ಯಾವ ಶೂ ಕೂಡ ಗ್ಯಾರಂಟಿ ಕೊಡಲ್ಲ. ಸಾವನದುರ್ಗ, ರಾಮನಗರ ಕಡೆಯ ಬಂಡೆಗಳು ಒಣಗಿದಾಗ ಚೆನ್ನಾಗಿ ಹಿಡಿತ ಕೊಡ್ತವೆ, ಮಳೆ ಬಿದ್ದು ಪಾಚಿ ಕಟ್ಟಿದ್ರೆ ಸೋಪಿನ ಥರ. ಕರಾವಳಿ, ಮಲೆನಾಡಿನ ಮುರಕಲ್ಲಿನದೂ ಅದೇ ಕಥೆ. ಕೊಳ್ಳುವಾಗ ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಹೆಬ್ಬೆರಳಿನ ಮುಂದೆ ಕೈಬೆರಳಿನಷ್ಟು ಜಾಗ ಬಿಡಿ, ಇಲ್ಲದಿದ್ರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತೆ.

ಶೂಗಿಂತ ಮೊದಲು ಚೀಲದಲ್ಲಿ ಇರ್ಬೇಕಾದ್ದು ಬೇರೆ. ಗಂಟೆಗೆ ಸುಮಾರು ಅರ್ಧ ಲೀಟರ್ ಲೆಕ್ಕದಲ್ಲಿ ನೀರು, ಬಿಸಿಲಿದ್ರೆ ಇನ್ನೂ ಜಾಸ್ತಿ. ಒಂದು ಓಆರ್‌ಎಸ್ ಪ್ಯಾಕೆಟ್, ಯಾಕಂದ್ರೆ ಬೆವರಲ್ಲಿ ಉಪ್ಪೂ ಹೋಗುತ್ತೆ. ತಿನ್ನೋಕೆ ಶೇಂಗಾ ಚಿಕ್ಕಿ, ಬಾಳೆಹಣ್ಣು, ಖರ್ಜೂರ. ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡ್ತಿದ್ದ ಊರು ನಮ್ಮದು, ದುಬಾರಿ ಎನರ್ಜಿ ಜೆಲ್ ಇಲ್ಲದೆಯೂ ಓಡ್ಬಹುದು. ಒಂದು ಸಣ್ಣ ಟಾರ್ಚ್, ಒಂದು ಬ್ಯಾಂಡೇಜ್ ಪಟ್ಟಿ, ಒಂದು ಸೀಟಿ, ತೆಳುವಾದ ಒಂದು ಮಳೆ ಜಾಕೆಟ್.

ಜಾಕೆಟ್ ಅಂದಾಗ ನಗ್ಬೇಡಿ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಒಂದು ಬೆಟ್ಟದ ಓಟ ನಡೀತು. 172 ಜನ ಹೊರಟ್ರು. ಮಧ್ಯಾಹ್ನದ ಹೊತ್ತಿಗೆ ಹವಾಮಾನ ತಿರುಗಿತು. ಆಲಿಕಲ್ಲು, ಕೊರೆಯೋ ಮಳೆ, ಬಿರುಗಾಳಿ. ತುಂಬಾ ಜನ ಅಂಗಿ-ಚಡ್ಡಿಯಲ್ಲಿದ್ರು. ಎತ್ತರದ ಆ ಭಾಗಕ್ಕೆ ವಾಹನ ಹೋಗೋ ದಾರಿ ಇರಲಿಲ್ಲ. 21 ಜನ ತೀರಿಕೊಂಡ್ರು. ಅವರಲ್ಲಿ ದೇಶದ ಅತ್ಯುತ್ತಮ ಓಟಗಾರರೂ ಇದ್ರು, ಅಂದ್ರೆ ವೇಗ ಅವರನ್ನ ಕಾಪಾಡ್ಲಿಲ್ಲ. ಅದೇ ದಿನ ಕುರಿ ಕಾಯ್ತಿದ್ದ ಒಬ್ಬ ಮನುಷ್ಯ 6 ಜನರನ್ನ ತಾನು ತಂಗಿದ್ದ ಗುಹೆಗೆ ಸೇರಿಸಿ ಬೆಂಕಿ ಹಾಕಿ ಬದುಕಿಸಿದ. ಯಾವಾಗ ಒಳಗೆ ಸೇರ್ಕೊಬೇಕು ಅಂತ ಅವನಿಗೆ ಗೊತ್ತಿತ್ತು.

ನಮ್ಮಲ್ಲಿ ಅಷ್ಟು ಚಳಿ ಇಲ್ಲ, ನಿಜ. ಆದ್ರೆ ಮುಳ್ಳಯ್ಯನಗಿರಿ, ಕುಮಾರ ಪರ್ವತದಂಥ ಎತ್ತರದ ಕಡೆ ಮಳೆ, ಗಾಳಿ, ಮಂಜು ಮೂರೂ ಒಟ್ಟಿಗೆ ಬಂದಾಗ ಬೆವತ ಮೈ ಬೇಗ ತಣ್ಣಗಾಗುತ್ತೆ. ಮೈ ನಡುಗೋಕೆ ಶುರುವಾದ್ರೆ, ಮಾತು ತೊದಲಿದ್ರೆ ಅಲ್ಲಿಂದ ಮುಂದೆ ಹೋಗ್ಬೇಡಿ, ಇಳೀರಿ. ಗುಡುಗು ಕೇಳಿಸಿದ್ರೆ ಬೋಳು ಬಂಡೆ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಲೇಬೇಡಿ.

ಕಾಡು ಖಾಲಿ ಜಾಗ ಅಲ್ಲ

ಕಿವಿ ಖಾಲಿ ಇರ್ಬೇಕು ಅಂದಿದ್ದೆನಲ್ಲ. ಬೆಂಗಳೂರಿನ ಸುತ್ತ, ಮೈಸೂರಿನ ಸುತ್ತ ಇರೋ ಬೆಟ್ಟಗುಡ್ಡಗಳಲ್ಲಿ ಚಿರತೆ ಇದೆ. ಕೆಲವು ಕಡೆ ಕರಡಿಯೂ ಇದೆ. ಅವು ಹೆಚ್ಚಾಗಿ ಓಡಾಡೋದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಹಾಗಾಗಿ ಚೆನ್ನಾಗಿ ಬೆಳಕಾದ ಮೇಲೆ ಶುರು ಮಾಡಿ, ಬೆಳಕಿದ್ದಾಗಲೇ ಮುಗಿಸಿ. ಬಂಡೆ ಗೋಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ, ಅಲ್ಲಿ ಕೂಗಾಟ, ಹೊಗೆ, ಸೆಂಟು ಬೇಡ. ಒಣಗಿದ ಎಲೆ ಮೇಲೆ ಕಾಲಿಡುವಾಗ ಹಾವಿನ ನೆನಪಿರಲಿ. ಕಚ್ಚಿದ್ರೆ ಬಿಗಿಯಾಗಿ ದಾರ ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಆ ಕಾಲು ಅಲುಗಾಡದ ಹಾಗೆ ನೋಡ್ಕೊಂಡು, 108ಕ್ಕೆ ಫೋನ್ ಮಾಡಿ, ವಿಷ ನಿರೋಧಕ ಚುಚ್ಚುಮದ್ದು ಸಿಗೋ ಆಸ್ಪತ್ರೆಗೆ ಹೋಗೋದು ಒಂದೇ ದಾರಿ.

ಮಲೆನಾಡಿಗೆ ಹೋಗೋರಿಗೆ ಇನ್ನೊಂದು ಮಾತು. ಮಳೆಗಾಲದ ಇಂಬಳ ನೋಡಿ ಎಲ್ಲರೂ ಕಿರುಚ್ತಾರೆ. ಅದು ರಕ್ತ ಕುಡಿದು ಬೀಳುತ್ತೆ, ಅಷ್ಟೇ. ಹೆದರ್ಬೇಕಾದ್ದು ಕಣ್ಣಿಗೇ ಕಾಣದಷ್ಟು ಚಿಕ್ಕ ಉಣುಗಿಗೆ. ಮಂಗನ ಕಾಯಿಲೆ, ಅಂದ್ರೆ ಕ್ಯಾಸನೂರು ಕಾಡಿನ ಕಾಯಿಲೆ, 1957ರಲ್ಲಿ ಮೊದಲು ಪತ್ತೆಯಾಗಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುತ್ತೆ, ಪ್ರಾಣವನ್ನೂ ತೆಗೆಯುತ್ತೆ. ಸಾಮಾನ್ಯವಾಗಿ ಚಳಿಗಾಲದಿಂದ ಮೇ ತನಕ ಇದರ ಕಾಲ. ಅಂದ್ರೆ ಓಡೋಕೆ ಹವಾ ಚೆನ್ನಾಗಿದೆ ಅಂತ ನಾವು ಹೊರಡೋ ಕಾಲವೇ. ಕಾಯಿಲೆ ಇರೋ ಊರು, ಮಂಗ ಸತ್ತಿರೋ ಜಾಗಗಳ ಸುದ್ದಿ ಇದ್ರೆ ಆ ಕಾಡಿಗೆ ಹೋಗಲೇಬೇಡಿ. ಹೋಗಿ ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನ ಬಿಸಿನೀರಲ್ಲೇ ಒಗೀರಿ. ಕೆಲವೇ ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದ್ರೆ ಡಾಕ್ಟರಿಗೆ "ನಾನು ಇಂಥ ಕಾಡಿಗೆ ಹೋಗಿದ್ದೆ" ಅನ್ನೋದನ್ನ ಮೊದಲು ಹೇಳಿ.

ಕಾಡಿಗೆ ಕಾನೂನೂ ಇದೆ. ಮೀಸಲು ಅರಣ್ಯ, ವನ್ಯಜೀವಿ ಧಾಮಗಳಿಗೆ ಅನುಮತಿ ಇಲ್ಲದೆ ಹೋಗೋ ಹಾಗಿಲ್ಲ. ಕುಮಾರ ಪರ್ವತ ಇರೋದೇ ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ಚಾರಣದ ದಾರಿಗಳಿಗೆ ಬುಕಿಂಗ್ ಇರುತ್ತೆ, ಹೊರಡೋ ಮೊದಲು ನೋಡ್ಕೊಳ್ಳಿ. ಕಾಫಿ ತೋಟ ಅಂದ್ರೆ ಯಾರದ್ದೋ ಬದುಕು. ಚಿಕ್ಕಮಗಳೂರು ಕಡೆ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಓಟ ನಡೆಯುತ್ತೆ, ಆ ದಿನ ಅಲ್ಲಿ ಓಡಿದ್ರು ಅಂತ ಮಾರನೇ ವಾರ ನಾವು ಗೇಟು ದಾಟಿ ನುಗ್ಗೋಕೆ ಆಗಲ್ಲ. ದನ ಕಾಯೋರು, ಸೌದೆ ಹೊತ್ತೋರು ಎದುರಾದ್ರೆ ನಾವು ಪಕ್ಕಕ್ಕೆ ನಿಲ್ಬೇಕು. ನಮಗೆ ಅದು ಭಾನುವಾರದ ಖುಷಿ, ಅವರಿಗೆ ದಿನದ ದಾರಿ. ನಿಂತು "ಅಣ್ಣಾ, ಮುಂದೆ ದಾರಿ ಹೆಂಗಿದೆ?" ಅಂತ ಒಂದು ಮಾತು ಕೇಳಿ. ಮ್ಯಾಪ್‌ನಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತೆ. ಊರಿನ ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಟ ನಿಲ್ಲಿಸಿ ನಡೀರಿ, ಹೆಚ್ಚಿನ ಸಲ ಅದೂ ನಿಲ್ಲುತ್ತೆ.

ಒಂದು ಮೆಸೇಜು, ಒಂದು ಗಡುವು

ಶುರುವಿಗೆ ಒಬ್ಬರೇ ಹೋಗ್ಬೇಡಿ, ಮೂರು ಜನ ಇದ್ರೆ ಒಳ್ಳೇದು. ಒಬ್ಬರಿಗೆ ಪೆಟ್ಟಾದ್ರೆ ಒಬ್ಬರು ಜೊತೆಗಿರ್ತಾರೆ, ಇನ್ನೊಬ್ಬರು ಸಹಾಯಕ್ಕೆ ಹೋಗ್ತಾರೆ. ಇದು ಹುಡುಗಿಯರಿಗೆ ಮಾತ್ರ ಹೇಳೋ ಬುದ್ಧಿವಾದ ಅಲ್ಲ. ನಮಗೆ ಮನೆಯಲ್ಲಿ "ಒಬ್ಬಳೇ ಹೋಗ್ಬೇಡ" ಅಂತಾರೆ, ಅಣ್ಣ-ತಮ್ಮಂದಿರಿಗೆ ಯಾರೂ ಹೇಳಲ್ಲ. ಕಾಲು ಉಳುಕೋಕೆ ಆ ಭೇದ ಇಲ್ಲ.

ಹೊರಡೋ ಮೊದಲು ಮನೆಗೆ ಒಂದು ಮೆಸೇಜ್ ಹಾಕಿ. ಹೀಗೆ: "ಅಕ್ಕಾ, ನಾವು ಮೂರು ಜನ 6:45ಕ್ಕೆ ಇಂಥ ದೇವಸ್ಥಾನದ ಹತ್ರದಿಂದ ಬೆಟ್ಟ ಹತ್ತುತ್ತಿದ್ದೀವಿ. ಅದೇ ದಾರಿಯಲ್ಲಿ ವಾಪಸ್. 10 ಗಂಟೆಯೊಳಗೆ ಫೋನ್ ಮಾಡ್ತೀನಿ. 11 ಆದ್ರೂ ಮಾಡ್ಲಿಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ ಈ ಮೆಸೇಜ್ ಓದಿ ಹೇಳು." ಎಲ್ಲಿ, ಎಷ್ಟು ಹೊತ್ತಿಗೆ, ಆಮೇಲೆ ಏನು ಮಾಡ್ಬೇಕು ಅನ್ನೋ ಮೂರೂ ಇದರಲ್ಲಿದೆ. ಬರೀ ಲೈವ್ ಲೊಕೇಶನ್ ಸಾಲದು, ಘಟ್ಟದಲ್ಲಿ ಸಿಗ್ನಲ್ ಹೋದ್ರೆ ಅದೂ ಹೋಗುತ್ತೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಫೋನ್ ಏರೋಪ್ಲೇನ್ ಮೋಡಲ್ಲಿಡಿ. ಬ್ಯಾಟರಿ ಉಳಿಯುತ್ತೆ.

ಇನ್ನೊಂದು, ತಿರುಗೋ ಗಡುವು. ಮೂರು ಗಂಟೆಯ ಓಟ ಅಂದ್ರೆ ಒಂದೂವರೆ ಗಂಟೆಯಾದ ಕೂಡಲೇ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ತುದಿ ಇನ್ನು 200 ಮೀಟರ್ ಇದ್ರೂ ಸರಿ. ಈ ಗಡುವನ್ನ ಕೆಳಗೆ ನಿಂತಾಗಲೇ, ತಲೆ ತಣ್ಣಗಿದ್ದಾಗಲೇ ನಿಗದಿ ಮಾಡ್ಬೇಕು. ಮೇಲೆ ಹೋದ ಮೇಲೆ "ಇನ್ನೊಂದು ಐದು ನಿಮಿಷ" ಅನ್ನೋ ಮನಸ್ಸಿನ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ.

ಎಂಟು ವಾರ

ನಿಲ್ಲದೆ 30 ನಿಮಿಷ ನಿಧಾನವಾಗಿ ಓಡೋಕೆ ಆಗುತ್ತೆ ಅನ್ನೋರಿಗೆ ಇದು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರೋರು ಮೊದಲು ಡಾಕ್ಟರನ್ನ ಕೇಳಿ. ಮೊದಲ ಎರಡು ವಾರ, ವಾರಕ್ಕೆ ಎರಡು ಸಲ, ಕೆರೆ ಏರಿ ಅಥವಾ ಮಣ್ಣಿನ ದಾರಿಯಲ್ಲಿ 30 ನಿಮಿಷ. ಕಿಲೋಮೀಟರ್ ನೋಡ್ಬೇಡಿ, ನಿಮಿಷ ಮಾತ್ರ. ಮೂರು, ನಾಲ್ಕನೇ ವಾರ, ಒಂದು ದಿನ ಚಿಕ್ಕ ಗುಡ್ಡ. ಹತ್ತೋದು ನಡಿಗೆ, ಇಳಿಯೋದೂ ನಡಿಗೆ, ಸಮತಟ್ಟಿನಲ್ಲಿ ಮಾತ್ರ ಓಟ. ಐದು, ಆರನೇ ವಾರ, ಅದೇ ಗುಡ್ಡದ ಸುಲಭ ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆಯ ಓಟ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆ, ಸಾವಿರಕ್ಕೂ ಹೆಚ್ಚು. ನಂದಿ ವಿಗ್ರಹದ ತನಕ ಹತ್ತಿ ಇಳಿದ್ರೂ ಕಾಲಿಗೆ ಒಳ್ಳೇ ಪಾಠ. ಏಳು, ಎಂಟನೇ ವಾರ, ಭಾನುವಾರ ಒಂದೂವರೆ ಗಂಟೆ. ಆಮೇಲೆ ಬೇಕಿದ್ರೆ ಶೂ ಅಂಗಡಿ, ಬೇಕಿದ್ರೆ 10 ಕಿಲೋಮೀಟರಿನ ಒಂದು ಟ್ರೇಲ್ ಓಟಕ್ಕೆ ಹೆಸರು ಕೊಡೋದು.

ರಸ್ತೆ ಓಟದಲ್ಲಿ ಸುಸ್ತಾದ್ರೆ ಆಟೋ ಹಿಡಿದು ಮನೆಗೆ ಬರ್ಬಹುದು. ಬೆಟ್ಟದಲ್ಲಿ ಆ ಅನುಕೂಲ ಇಲ್ಲ, ಇಲ್ಲಿ ನಮ್ಮ ಜವಾಬ್ದಾರಿ ನಾವೇ ತಗೋಬೇಕು. ಅದರಲ್ಲೇ ಇದರ ಸುಖವೂ ಇದೆ. ಎಷ್ಟು ನೀರಿದೆ, ಎಷ್ಟು ಬೆಳಕಿದೆ, ಕಾಲಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಪ್ರತಿ ಕ್ಷಣ ಗೊತ್ತಿರೋ ಮನುಷ್ಯ ಭಯ ಇಲ್ಲದೆ ಓಡ್ತಾನೆ.

ಈ ವಾರದ ಕೆಲಸ ಇಷ್ಟೇ. ನಿಮ್ಮ ಮನೆಯಿಂದ 10 ಕಿಲೋಮೀಟರ್ ಒಳಗೆ ಇರೋ ಒಂದು ಮಣ್ಣಿನ ದಾರಿ ಹುಡುಕಿ. ಒಂದು ಸಲ ನಡೆದು ಬನ್ನಿ. ಎಷ್ಟು ಹೊತ್ತು ಹಿಡೀತು, ಎಷ್ಟು ನೀರು ಕುಡಿದ್ರಿ, ದಾರಿಯಲ್ಲಿ ಯಾರು ಸಿಕ್ರು ಅಂತ ಬರೆದಿಟ್ಟುಕೊಳ್ಳಿ, ವಾಯ್ಸ್ ನೋಟ್ ಮಾಡಿ ನನಗೂ ಕಳಿಸಿ. ಓಟ ಅದರ ಮಾರನೇ ವಾರದಿಂದ. ಸಿಗೋಣ, ನಮಸ್ಕಾರ.